ತೋಟಗಾರನ ದನಿ

ಔನನ ತಾಯಿ ಮಗನಿಗೆ ಹೆಣ್ಣು ನೋಡಲು ಬಂದ ಸಂಜೆ ಎಲ್ಲವೂ ಸುಸೂತ್ರವಾಗಿ ನಡೆದಿತ್ತು, ಅಡುಗೆಮನೆಯಿಂದ ಹಿಕ್ಮತ್ "ಇಂತಿಸಾರ್, ಚಾಕು ಎಲ್ಲಿಟ್ಟಿದ್ದೀಯ?" ಎಂದು ಕೇಳುವ ತನಕ.

ಕೇಳಿದ್ದು ಕಲ್ಲಂಗಡಿ ಕೊಯ್ಯಲು. ಆದರೆ ಆ ದನಿ ಗೋಡೆ ದಾಟಿ ಬಂದ ಕೂಡಲೆ ಔನನ ತಾಯಿ ಉಮ್ ಔನ್ ಕೈಯಲ್ಲಿದ್ದ ಖರ್ಜೂರದ ಬಿಸ್ಕತ್ತು ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತು. ಜೊತೆಗೆ ಬಂದಿದ್ದ ಅವಳ ತಂಗಿ ಸೋಫಾದ ತುದಿಗೆ ಸರಿದಳು.

"ಒಳಗೆ ಯಾರು?" ಎಂದಳು ಉಮ್ ಔನ್.

"ನಮ್ಮನೆಯವರು," ಎಂದಳು ಇಂತಿಸಾರ್.

"ಸ್ಟುಡಿಯೋದಲ್ಲಿ ಕೆಲಸ ಅಂದಿದ್ರಿ."

"ಹೌದು, ಸ್ಟುಡಿಯೋದಲ್ಲೇ."

"ನಾನು ಮದುವೆ ಫೋಟೋ ತೆಗೀತಾರೆ ಅಂದ್ಕೊಂಡಿದ್ದೆ."

ಮಗಳು ರುಬಾ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದವಳು ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಮತ್ತೆ, ನಿಧಾನವಾಗಿ, ತಳದಲ್ಲಿ ಮರಳು ಜಾರಿದಂತಿರುವ ಅದೇ ದನಿ: "ಸಿಕ್ತು ಬಿಡು. ಚೆನ್ನಾಗಿ ಹರಿತವಾಗಿದೆ."

"ತೋಟಗಾರ!" ಎಂದು ತಂಗಿ ಚೀರಿಯೇಬಿಟ್ಟಳು.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಮುದುಕಿ ಬದ್ರಿಯ್ಯಾ ಆ ಕಡೆಗೆ ಮುಖ ತಿರುಗಿಸಿದಳು. ಅವಳಿಗೆ ಕಣ್ಣು ಹೋಗಿ ಕೆಲವು ವರ್ಷಗಳಾಗಿದ್ದವು. "ಹೆದರಬೇಡ್ರಮ್ಮ, ಅವನು ನನ್ನ ಮಗ. ಕೋಳಿ ಕೊಯ್ಯೋಕೂ ಕೈ ನಡುಗುತ್ತೆ ಅವನಿಗೆ."

ಹಿಕ್ಮತ್ ಕಲ್ಲಂಗಡಿಯ ತಟ್ಟೆ ಹಿಡಿದು ನಗುತ್ತ ಬಂದ. ದಪ್ಪ ಕನ್ನಡಕ, ಬೋಳುತಲೆ, ಮೊಣಕೈ ಸವೆದ ಸ್ವೆಟರು. "ತಗೊಳ್ಳಿ, ತಗೊಳ್ಳಿ. ಈ ಸಲದ ಕೊನೇ ಹಣ್ಣು," ಎಂದ. ಉಮ್ ಔನ್ ಒಂದು ಹೋಳು ತೆಗೆದುಕೊಂಡಳು, ಆದರೆ ಬಾಯಿಗಿಡಲಿಲ್ಲ. ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಇಂತಿಸಾರಳ ಕೈ ಹಿಡಿದು ಹೇಳಿದಳು: "ಹುಡುಗಿ ಚಿನ್ನ, ಅದರಲ್ಲಿ ಎರಡು ಮಾತಿಲ್ಲ. ಮನೆಗೆ ಹೋಗಿ ಸ್ವಲ್ಪ ಸುಧಾರಿಸ್ಕೋತೀನಿ ಅಷ್ಟೇ."

ಸುಧಾರಿಸಿಕೊಂಡಳು. ಒಂದು ವಾರದಲ್ಲಿ ಒಪ್ಪಿಗೆಯ ಸುದ್ದಿ ಬಂತು. ಆಲಿವ್ ಕೊಯ್ಲು ಮುಗಿದ ಮೇಲೆ ಹೆಣ್ಣು ಕೇಳುವ ಶಾಸ್ತ್ರ, ಜಾಹಾ, ಎಂದು ನಿಶ್ಚಯವಾಯಿತು.

ಹಿಕ್ಮತ್ ಡಬ್ಬಿಂಗ್ ಕಲಾವಿದ. ರಾಜಧಾನಿ ಅಮ್ಮಾನಿನ ಸ್ಟುಡಿಯೋಗಳಲ್ಲಿ ಮಕ್ಕಳ ಕಾರ್ಟೂನುಗಳಿಗೆ ದನಿ ಕೊಡುತ್ತಲೇ ತಲೆಗೂದಲು ಉದುರಿಸಿಕೊಂಡವನು. ಮುದಿ ಕತ್ತೆ, ಹಡಗಿನ ಅಡುಗೆಯವ, ಮಾತಾಡುವ ಗಡಿಯಾರ, ಎಲ್ಲ ಅವನೇ. ಈ ದೇಶದ ಅರ್ಧ ಜನ ಶಾಲೆಯಿಂದ ಬಂದು ಚೀಲ ಎಸೆದು ಕೇಳುತ್ತ ಕೂತಿದ್ದು ಅವನ ಕತ್ತೆಯನ್ನು. ಆದರೂ ಬೀದಿಯಲ್ಲಿ ಯಾರೂ ಅವನನ್ನು ತಿರುಗಿ ನೋಡಿದ್ದಿಲ್ಲ. ಕತ್ತೆಯ ದನಿ ಅವನ ದನಿಯಾಗಿರಲಿಲ್ಲವಲ್ಲ.

ಕಳೆದ ವರ್ಷ 'ಸೀಸದ ಆಕಾಶ' ಶುರುವಾಯಿತು. ದೂರದ ದೇಶದ ಧಾರಾವಾಹಿ. ಹಾರುವವರ, ಗೋಡೆ ಒಡೆಯುವವರ ಕಥೆ, ಆದರೆ ಮಕ್ಕಳು ನೋಡುವಂಥದ್ದಲ್ಲ. ಒಬ್ಬ ಮುದುಕ ವಿಚಿತ್ರ ಶಕ್ತಿಯ ಅನಾಥ ಮಕ್ಕಳನ್ನು ಸಾಕಿ ಬೆಳೆಸುತ್ತಾನೆ. ದೊಡ್ಡವರಾದ ಮೇಲೆ ಅವರು ನಗರ ಕಾಯುವ ವೀರರು. ಯಾರಾದರೂ ತಿರುಗಿ ಬಿದ್ದರೆ ಮುದುಕ ಅವರನ್ನು ಮನೆಗೆ ಕರೆಸಿ, ಎದುರು ಕೂರಿಸಿ, ಬಟ್ಟಲಿಗೆ ಏನೋ ಬಗ್ಗಿಸಿ, ಬಹಳ ಮರ್ಯಾದೆಯಿಂದ ಒಂದು ಮಾತು ಹೇಳುತ್ತಾನೆ. ಮರುದೃಶ್ಯದಲ್ಲಿ ಅವನ ತೋಟದಲ್ಲಿ ಹೊಸದೊಂದು ಸಸಿ. ಅವನೇ ತೋಟಗಾರ.

ಮೂಲದಲ್ಲಿ ಆ ಮಾತು ಬೇರೆ ಏನೋ ಇತ್ತು. ಪರದೆಯ ಮೇಲಿನ ತುಟಿಯ ಚಲನೆಗೆ ಭಾಷಾಂತರದವರು ಕೊಟ್ಟ ಸಾಲು ಕೂಡುತ್ತಿರಲಿಲ್ಲ. ಎಷ್ಟು ಸಲ ಹೇಳಿದರೂ ಬಾಯಿ ಮುಚ್ಚಿದ ಮೇಲೂ ಮಾತು ಉಳಿಯುತ್ತಿತ್ತು. ಕೊನೆಗೆ ಮೈಕಿನ ಮುಂದೆ ನಿಂತಿದ್ದ ಹಿಕ್ಮತನ ನಾಲಗೆಗೆ ತಾನಾಗಿ ಬಂದದ್ದು ಈ ಊರಿನ ಎಲ್ಲರೂ ನೂರು ಮನೆಗಳಲ್ಲಿ ಕೇಳಿದ ಮಾತು: "ನಿಮ್ಮ ಕಾಫಿ ಕುಡೀರಿ."

ಜಾಹಾ ಎಂದರೆ ಗಂಡಿನ ಕಡೆಯ ಹಿರಿಯರು ದಂಡು ಕಟ್ಟಿಕೊಂಡು ಹೆಣ್ಣು ಕೇಳಲು ಬರುವುದು. ಕಾಫಿ ಕೊಡುತ್ತಾರೆ, ಅವರ ಹಿರಿಯ ಅದನ್ನು ಮುಟ್ಟದೆ ನೆಲಕ್ಕಿಟ್ಟು ಕೋರಿಕೆ ಹೇಳುತ್ತಾನೆ. ಹೆಣ್ಣಿನ ಕಡೆಯ ಹಿರಿಯ "ನಿಮ್ಮ ಕಾಫಿ ಕುಡೀರಿ" ಎಂದರೆ ಹೆಣ್ಣು ಕೊಟ್ಟ ಹಾಗೆ. ಊರಿನ ಅತ್ಯಂತ ಒಳ್ಳೆಯ ಮಾತನ್ನು ಊರಿನ ಅತ್ಯಂತ ಕೆಟ್ಟವನ ಬಾಯಿಗೆ ಹಾಕಿದರೆ ಕೇಳಿದವರ ಮೈ ಜುಮ್ಮೆನ್ನುತ್ತದೆ ಎಂದು ಹಿಕ್ಮತನಿಗೆ ತೋಚಿತ್ತು. ಅದು ನಿಜವಾಯಿತು. ಗಾಜಿನಾಚೆ ಕೂತಿದ್ದ ತಂತ್ರಜ್ಞ ಎದ್ದು ನಿಂತು ಚಪ್ಪಾಳೆ ಹೊಡೆದ. ತನಗೂ ಮದುವೆಗೆ ಬಂದ ಮಗಳಿದ್ದಾಳೆ ಎನ್ನುವುದು ಆ ಗಳಿಗೆಯಲ್ಲಿ ಹಿಕ್ಮತನ ತಲೆಗೆ ಬರಲಿಲ್ಲ. ಕತ್ತೆ, ಗಡಿಯಾರ ಯಾವುದನ್ನೂ ಕೂಡಿಸದೆ ತನ್ನ ಸ್ವಂತ ದನಿಯಲ್ಲೇ ಅದನ್ನು ಹೇಳಿದ್ದೇನೆ ಎನ್ನುವುದೂ ಹೊಳೆಯಲಿಲ್ಲ.

ಈಗ ಬೀದಿಗಿಳಿದರೆ ಸಾಕು. ಫಲಾಫೆಲ್ ಅಂಗಡಿಯವನು ಬಾಣಲೆಯ ಹಿಂದಿನಿಂದ ಮಗಳ ಹೆಸರು ಹಿಡಿದು ಕೂಗುತ್ತಿದ್ದ: "ಅಬು ರುಬಾ, ಆ ಉಲ್ಕೆ ಹುಡುಗಿಯೊಬ್ಬಳನ್ನ ಬಿಟ್ಟುಬಿಡು ಮಾರಾಯ. ಹುಮ್ಮುಸ್ ನನ್ನ ಲೆಕ್ಕ."

"ನನ್ನ ಕೈಲಿದ್ಯಾ ಅದು? ಬರೆಯೋರು ಬರೀತಾರೆ."

"ದನಿ ನಿಂದೇ ತಾನೆ? ಹೇಳಲ್ಲ ಅನ್ನು!"

ತರಕಾರಿ ಮಾರುಕಟ್ಟೆಯಲ್ಲಿ ಒಬ್ಬ ಹೆಂಗಸು, ಇವನು ಸೌತೆಕಾಯಿಯ ಬೆಲೆ ಕೇಳಿದ್ದೇ ತಡ, ಪುದೀನದ ಕಟ್ಟಿನಿಂದ ಹೆಗಲಿಗೆ ಬಾರಿಸಿದಳು. "ತಾಯಿಲ್ಲದ ಮಕ್ಕಳು ಕಣೋ ಅವು!" ಆಮೇಲೆ ನಾಚಿಕೊಂಡು ಅದೇ ಕಟ್ಟನ್ನು ಪುಕ್ಕಟೆ ಕೊಟ್ಟಳು. ಮನೆಗೆ ತಂದು, ಹೊಡೆತದಿಂದ ಬಂದ ಪುದೀನ ಎಂದು ಹೇಳಿ ಚಹಾಕ್ಕೆ ಹಾಕಿಸಿದ. ಎಲ್ಲರೂ ನಕ್ಕರು. ಆಗ ರುಬಾ ಕೂಡ ನಕ್ಕಿದ್ದಳು.

ಗುರುವಾರ ಸಂಜೆ ಮನೆಯವರೆಲ್ಲ ಕೂತು ನೋಡುವುದು. ಒಬ್ಬೊಬ್ಬರದು ಒಂದೊಂದು ಪಕ್ಷ. ಇಂತಿಸಾರಳಿಗೆ ನಾಯಕನನ್ನು ಕಂಡರೆ ಆಗದು. ಸಮುದ್ರ ದಾಟಿ ಹಾರುತ್ತಾನೆ, ಊರಲ್ಲಿರುವ ಮುದಿ ಅಜ್ಜಿಯನ್ನು ಒಂದು ದಿನವೂ ನೋಡಲು ಹೋಗಿಲ್ಲ. "ಒಂದು ಫೋನ್ ಮಾಡೋಕೂ ರೆಕ್ಕೆ ಬೇಕೇನೋ ನಿಂಗೆ?" ಎಂದು ಬಟಾಣಿ ಸುಲಿಯುತ್ತ ಟಿವಿಯನ್ನೇ ಗದರುತ್ತಿದ್ದಳು. ರುಬಾ ತೋಟಗಾರ ಸಾಕಿದ ಹುಡುಗಿ ಉಲ್ಕೆಯ ಪಕ್ಷ. ಉಲ್ಕೆ ಮುಟ್ಟಿದ್ದೆಲ್ಲ ಸುಟ್ಟುಹೋಗುತ್ತದೆ, ಅದಕ್ಕೆ ಅವಳು ಯಾರನ್ನೂ ತಬ್ಬುವ ಹಾಗಿಲ್ಲ.

ಅಜ್ಜಿ ಮಾತ್ರ ತೋಟಗಾರನ ಕಡೆ.

"ಅವನಿಗೆ ಅಡುಗೆ ಮಾಡಿ ಹಾಕೋರು ಯಾರಿದ್ದಾರೆ ಹೇಳು?"

"ಅಜ್ಜಿ, ಅವನು ಸಾಕಿದ ಮಕ್ಕಳನ್ನ ಕೊಂದು ಗಿಡ ನೆಡ್ತಾನೆ!"

"ಅದು ತಪ್ಪು. ತಪ್ಪಲ್ಲ ಅಂದ್ನಾ ನಾನು? ಆದ್ರೆ ಒಬ್ಬನೇ ಕೂತು ಉಣ್ತಾನೆ. ಅದನ್ನ ಯಾರೂ ನೋಡಲ್ಲ ನೀವು."

"ನಿಮಗೆ ಹೇಗೆ ಗೊತ್ತು?"

"ಚಮಚದ ಸದ್ದು ಕೇಳುತ್ತಲ್ಲ. ಒಂದೇ ಚಮಚ."

ಹಿಕ್ಮತ್ ಸೂರ್ಯಕಾಂತಿ ಬೀಜ ಒಡೆಯುತ್ತ ಸುಮ್ಮನೆ ಕೂತಿರುತ್ತಿದ್ದ. ತನ್ನ ದನಿ ಬಂದಾಗ ಮಾತ್ರ ಕೊಂಚ ತಲೆ ತಗ್ಗಿಸುತ್ತಿದ್ದ. ಅಜ್ಜಿ ಆಗ ಟಿವಿಯ ಕಡೆಗಲ್ಲ, ಅವನ ಕುರ್ಚಿಯ ಕಡೆಗೆ ಮುಖ ಮಾಡಿ ನಗುತ್ತಿದ್ದಳು.

ಜಾಹಾದ ದಿನ ಹತ್ತಿರವಾದ ಹಾಗೆ ರುಬಾಳ ನಗು ಬತ್ತಿತು. ಅವಳು ಕೆಲಸ ಮಾಡುತ್ತಿದ್ದ ಔಷಧಿ ಅಂಗಡಿಗೆ ಕೆಮ್ಮಿನ ಸಿರಪ್ಪಿಗೆ ಬಂದ ಹುಡುಗನೊಬ್ಬ, ಹಣ ಕೊಟ್ಟು, "ನಿಮ್ಮ ಸಿರಪ್ ಕುಡೀರಿ" ಎಂದು ಅಪ್ಪನ ದನಿಯಲ್ಲಿ ಹೇಳಿ ಓಡಿದ. ಸಲ್ತ್ ಊರಿನಲ್ಲಿರುವ ಔನನ ದಾಯಾದಿ ಹುಡುಗರು ಆ ಮಾತನ್ನು ಫೋನಿನ ಗಂಟೆ ಮಾಡಿಕೊಂಡಿದ್ದರು. ಜಾಹಾದ ದಿನ ತೋಟಗಾರನೇ ಎದ್ದು ನಿಂತು ಆ ಮಾತು ಹೇಳುವುದನ್ನು ಚಿತ್ರ ತೆಗೆಯಬೇಕೆಂದು ಯಾರು ಎಲ್ಲಿ ನಿಲ್ಲಬೇಕು ಎನ್ನುವುದನ್ನೂ ಹಂಚಿಕೊಂಡಿದ್ದಾರೆ ಎಂದು ಔನ್ ನಗುತ್ತ ಹೇಳಿದ. ಅವಳು ನಗದೆ ಇದ್ದಾಗ ಅವನೂ ನಿಲ್ಲಿಸಿದ. "ಅಮ್ಮನಿಗೂ ಒಂಚೂರು ಭಯ ಇದೆ," ಎಂದ. "ನಗಬೇಡ. ಮೊನ್ನೆ ಕನಸಲ್ಲಿ ಬಂದಿದ್ರಂತೆ ನಿಮ್ಮಪ್ಪ. ಸಸಿ ಹಿಡ್ಕೊಂಡು."

ಅವತ್ತು ಸಂಜೆ ಬೇಳೆ ಸೂಪು ಮುಂದಿಟ್ಟುಕೊಂಡು ರುಬಾ ಅಪ್ಪನಿಗೆ ಹೇಳಿದಳು:

"ಬಾಬಾ, ಜಾಹಾದಲ್ಲಿ ಮಾತು ಜೌದತ್ ಮಾವ ಆಡಲಿ."

ಇಂತಿಸಾರಳ ಸೌಟು ಪಾತ್ರೆಯ ಅಂಚಿಗೆ ತಗುಲಿತು. ಜೌದತ್ ಅವಳ ಅಣ್ಣ, ನಿವೃತ್ತ ಶಾಲಾ ಮೇಷ್ಟ್ರು.

"ಯಾಕೆ?" ಎಂದಳು ಇಂತಿಸಾರ್.

"ಯಾಕೆ ಅಂತ ಬಾಬಾಗೆ ಗೊತ್ತು."

ಹಿಕ್ಮತ್ ಬ್ರೆಡ್ಡನ್ನು ಎರಡಾಗಿ ಹರಿದ. ಒಂದನ್ನು ಅಮ್ಮನ ಕೈಗಿಟ್ಟ. "ಆಗಲಿ," ಎಂದ. "ಜೌದತನಿಗೆ ಪದ್ಯ ಗಿದ್ಯ ಎಲ್ಲ ಬರುತ್ತೆ. ಚೆನ್ನಾಗಿರುತ್ತೆ."

"ಬೇಜಾರಾಯ್ತಾ?"

"ಇಲ್ಲಮ್ಮ. ನಿನ್ನ ದಿನ ಅದು." ಒಂದು ತುತ್ತು ನುಂಗಿ ಮತ್ತೆ ಹೇಳಿದ: "ನಿಂಬೆಹಣ್ಣು ಕೊಡು."

ಅಜ್ಜಿ ಬ್ರೆಡ್ಡು ಹಿಡಿದುಕೊಂಡೇ ಕೂತಿದ್ದಳು. ಅವತ್ತು ಅವಳು ಸೂಪು ಕುಡಿಯಲಿಲ್ಲ.

ಮರುದಿನ ನೀರು ಬರುವ ದಿನ. ವಾರಕ್ಕೊಮ್ಮೆ ನಲ್ಲಿ ಬಿಟ್ಟಾಗ ಮಹಡಿಯ ಟ್ಯಾಂಕು ತುಂಬಬೇಕು, ಬಟ್ಟೆ ಒಗೆಯಬೇಕು, ನೆಲ ತೊಳೆಯಬೇಕು. ತಾಯಿ ಮಗಳು ಮಹಡಿಯ ಮೇಲೆ ಚಾದರ ಹಿಂಡುತ್ತಿದ್ದರು, ಒಂದೊಂದು ತುದಿ ಹಿಡಿದು.

"ನಿಮ್ಮಪ್ಪ ಬದುಕಿದಾರೆ ರುಬಾ. ಬದುಕಿರೋ ಅಪ್ಪನ್ನ ಪಕ್ಕಕ್ಕೆ ಕೂರಿಸಿ ಮಾವನ ಕೈಲಿ ಹೆಣ್ಣು ಕೊಡಿಸೋದನ್ನ ನಾನೆಲ್ಲೂ ನೋಡಿಲ್ಲ. ಜನ ಏನಂದ್ಕೋತಾರೆ?"

"ಬಾಬಾ ಹೇಳಿದ್ರೆ ಜನ ನಗ್ತಾರೆ ಅಮ್ಮ! ಸಲ್ತ್‌ನಿಂದ ಅಷ್ಟು ದೊಡ್ಡ ದಂಡು ಬರುತ್ತೆ. ಅಷ್ಟೂ ಜನ ಫೋನ್ ಎತ್ತಿ ಹಿಡೀತಾರೆ. ನನ್ನ ಜಾಹಾ ಅಲ್ಲ ಆಗ ಅದು, ತೋಟಗಾರನ ಜಾಹಾ."

"ನಕ್ಕರೆ ಹಲ್ಲು ಉದುರುತ್ತಾ? ತಿರುಗಿಸು, ಆ ಕಡೆ ತಿರುಗಿಸು."

"ನಿಮಗೆ ಅರ್ಥ ಆಗಲ್ಲ."

"ನಿನ್ನ ಕಾಲೇಜಿನ ಹಣ ಯಾರ ಗಂಟಲಿಂದ ಬಂತು ಅನ್ನೋದು ನಂಗೆ ಅರ್ಥ ಆಗುತ್ತೆ. ಕತ್ತೆ ಥರ ಅರಚಿ ಅರಚಿ ರಾತ್ರಿ ಮಾತೇ ಹೊರಡ್ತಿರಲಿಲ್ಲ, ಬರೀ ಜೇನುತುಪ್ಪ ಕುಡ್ದು ಮಲಗ್ತಿದ್ರು. ಎಳಿ ಗಟ್ಟಿಯಾಗಿ!"

ರುಬಾ ಎಳೆದಳು. ಚಾದರ ಕೈತಪ್ಪಿ ತೊಳೆದ ನೆಲದ ಮೇಲೇ ಬಿತ್ತು. ಇಬ್ಬರೂ ಅದನ್ನು ನೋಡುತ್ತ ನಿಂತರು. ಆಮೇಲೆ ಇಂತಿಸಾರ್ ಬಕೆಟ್ಟಿಗೆ ಹಾಕಿ ಮತ್ತೆ ನೀರು ಹೊಯ್ದಳು.

ಹಿಕ್ಮತ್ ಮುನಿಸಿಕೊಳ್ಳಲಿಲ್ಲ. ಎಂದಿನಂತೆ ಬೆಳಗ್ಗೆ ಸ್ಟುಡಿಯೋಗೆ ಹೋದ, ಬರುವಾಗ ಬ್ರೆಡ್ಡು ತಂದ, ಜೌದತನ ಹೊಸ ಸೂಟಿನ ಬಣ್ಣಕ್ಕೆ ಹೊಂದುವ ಟೈ ತಾನೇ ಆರಿಸಿ ಕೊಟ್ಟ. ಬದಲಾದದ್ದು ಒಂದೇ. ಮನೆಯೊಳಗೆ ಮಾತು ಕಡಿಮೆಯಾಯಿತು. ಮೊದಲು ಚಾಕು ಬೇಕೆಂದು ಕೇಳುವುದು ಬಿಟ್ಟ, ತಾನೇ ಹುಡುಕಿಕೊಂಡ. ಆಮೇಲೆ ಉಪ್ಪು ಬೇಕಾದರೆ ಬೆರಳು ತೋರಿಸಿದ. ಔನ್ ಮನೆಗೆ ಬಂದ ಶುಕ್ರವಾರ ಮಕ್ಲೂಬಾ ಅನ್ನದ ಪಾತ್ರೆಯನ್ನು ದೊಡ್ಡ ತಟ್ಟೆಯ ಮೇಲೆ ಬೋರಲು ಹಾಕುವಾಗ ಎಲ್ಲರೂ ಕೂಗಿ ಗದ್ದಲ ಮಾಡುತ್ತಿದ್ದರೆ ಇವನು ತಟ್ಟೆಯ ಅಂಚು ಹಿಡಿದು ನಗುತ್ತ ನಿಂತ. ಔನ್ ಏನೋ ಕೇಳಿದ್ದಕ್ಕೆ ಪಿಸುದನಿಯಲ್ಲಿ ಉತ್ತರ ಕೊಟ್ಟ. "ಗಂಟಲು ಸರಿಯಿಲ್ವಾ ಅಂಕಲ್?" ಎಂದರೆ ಹೌದೆನ್ನುವಂತೆ ಕುತ್ತಿಗೆ ಮುಟ್ಟಿಕೊಂಡ.

ರುಬಾಳಿಗೆ ಒಳಗೊಳಗೇ ಹಾಯೆನಿಸಿತು. ಆ ಹಾಯೆನಿಸಿದ್ದಕ್ಕೇ ಅವಳು ಅವತ್ತು ಪಾತ್ರೆಗಳನ್ನೆಲ್ಲ ಒಬ್ಬಳೇ ತೊಳೆದಳು.

ಆಲಿವ್ ಬಂತು. ಇಂತಿಸಾರ್ ಒಂದು ಚೀಲ ತರಿಸಿದಳು. ಹಸಿರು ಕಾಯಿಯನ್ನು ಒಂದೊಂದಾಗಿ ಕಲ್ಲಿನಿಂದ ಜಜ್ಜಿ ಉಪ್ಪುನೀರಿಗೆ ಹಾಕುವ ಕೆಲಸ ಅಜ್ಜಿಯದು. ಕಣ್ಣು ಬೇಕಿಲ್ಲ ಅದಕ್ಕೆ. ಬಾಲ್ಕನಿಯಲ್ಲಿ ತಗ್ಗು ಮಣೆಯ ಮೇಲೆ ಕೂತು, ಟಕ್ ಟಕ್ ಎಂದು ಜಜ್ಜುತ್ತಿದ್ದಳು. ರುಬಾ ಅಲ್ಲೇ ಒಣಗಿದ ಬಟ್ಟೆ ಮಡಚುತ್ತಿದ್ದಳು.

ಹಿಕ್ಮತ್ ಕೆಲಸದಿಂದ ಬಂದ. ಅವನು ಮೊದಲೆಲ್ಲ ದಿನವೂ ಬಾಗಿಲಲ್ಲೇ "ಯಮ್ಮಾ, ನಾನು ಬಂದೆ" ಎನ್ನುತ್ತಿದ್ದ. ಈಚೆಗೆ ಅದನ್ನೂ ಪಿಸುಗುಟ್ಟುತ್ತಿದ್ದ, ಅವತ್ತು ಅಷ್ಟೂ ಇಲ್ಲ. ಸದ್ದಿಲ್ಲದೆ ನಡೆದು ಬಂದು ಅಮ್ಮನ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟ.

ಅಜ್ಜಿ ಕಿರುಚಿದಳು. ಬೋಗುಣಿ ಮಗುಚಿ ಕಾಯಿಗಳು ಬಾಲ್ಕನಿಯ ಸಂದಿನಿಂದ ಕೆಳಗಿನ ಮೆಟ್ಟಿಲುಗಳಿಗೆ ಉರುಳಿದವು. "ಯಾರು? ಯಾರದು?" ಎಂದು ಕಲ್ಲನ್ನು ಮುಂದೆ ಹಿಡಿದಳು.

"ನಾನು ಯಮ್ಮಾ," ಎಂದು ಹಿಕ್ಮತ್ ಪಿಸುಗುಟ್ಟಿದ.

ಅವಳು ನಂಬಲಿಲ್ಲ. ಕಲ್ಲು ಕೆಳಗಿಟ್ಟು ಒದ್ದೆ ಕೈಗಳನ್ನು ಅವನ ಮುಖದ ಮೇಲೆ ಆಡಿಸಿದಳು. ಕನ್ನಡಕ, ಮೂಗು, ಬೋಳುತಲೆ. ಆಮೇಲೆ ಬೆನ್ನಿಗೆ ಒಂದೇಟು ಕೊಟ್ಟಳು. "ಬಾಯಿ ಬಿದ್ದುಹೋಯ್ತೇನೋ? ಕಳ್ಳನ ಥರ ಬರ್ತೀಯ ಸ್ವಂತ ಮನೆಗೆ!"

ಅವನು ನಕ್ಕು, ಬೋಗುಣಿ ಎತ್ತಿಕೊಂಡು ಕಾಯಿ ಆರಿಸಲು ಕೆಳಗಿಳಿದ.

ಅಜ್ಜಿಯ ಎದೆ ಇನ್ನೂ ಏರಿಳಿಯುತ್ತಿತ್ತು. "ರುಬಾ, ಅಲ್ಲಿದ್ದೀಯ?"

"ಇದ್ದೀನಿ ಅಜ್ಜಿ."

"ನೀವೆಲ್ಲ ಅವನನ್ನ ನೋಡಿ ಗುರುತು ಹಿಡೀತೀರಿ. ನಂಗೆ ಮಗ ಕಾಣಿಸೋದು ಅವನು ಮಾತಾಡಿದಾಗ. ನಾಲ್ಕು ವಾರದಿಂದ ಈ ಮನೇಲಿ ಅವನು ಇದಾನೋ ಇಲ್ವೋ ನಂಗೆ ತಿಳೀತಿಲ್ಲ. ಊಟಕ್ಕೆ ಕೂತಾಗ ತಟ್ಟೆ ಸದ್ದು ಎಣಿಸ್ತೀನಿ. ನಂದು ಬಿಟ್ಟು ಮೂರು ಕೇಳಿದ್ರೆ ಸರಿ, ಅವನು ಬಂದಿದಾನೆ ಅಂದ್ಕೋತೀನಿ."

ರುಬಾ ಮಡಚುತ್ತಿದ್ದ ಬಟ್ಟೆ ಬಿಟ್ಟು ಹತ್ತಿರ ಬಂದು ಕೂತಳು.

"ಮೊನ್ನೆ ಮಧ್ಯಾಹ್ನ ನೀವ್ಯಾರೂ ಇರ್ಲಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಹೇಳ್ತಿದ್ದ, 'ನಿಮ್ಮ ಕಾಫಿ ಕುಡೀರಿ' ಅಂತ. ಕತ್ತೆ ಥರ ಹೇಳಿದ. ಆ ಗಡಿಯಾರದ ಥರ ಹೇಳಿದ. ವಾರ್ತೆ ಓದೋರ ಥರ, ಮಸೀದಿ ಇಮಾಮರ ಥರ. ಜೌದತನ ಥರಾನೂ ಹೇಳಿದ, ಪಾಪ. ಮಾತು ಬೇರೆಯವರಿಗೆ ಕೊಟ್ಟಾಯ್ತಲ್ಲ, ಮತ್ಯಾಕೆ ಹೇಳ್ಕೋತಿದ್ದ ಗೊತ್ತಾ? ಮಗಳು ನಾಚಿಕೊಳ್ಳದೇ ಇರೋ ದನಿ ಯಾವ್ದಾದ್ರೂ ಇದ್ಯಾ ಅಂತ ಹುಡುಕ್ತಿದ್ದ. ಸಿಗಲಿಲ್ಲ. ನಲ್ಲಿ ನಿಲ್ಲಿಸ್ಬಿಟ್ಟ."

ರುಬಾ ಬಾಲ್ಕನಿಯಿಂದ ಬಗ್ಗಿ ನೋಡಿದಳು. ಕೆಳಗೆ ಮೆಟ್ಟಿಲ ಮೇಲೆ ಅಪ್ಪ ಬಗ್ಗಿ ಒಂದೊಂದೇ ಕಾಯಿ ಆರಿಸುತ್ತಿದ್ದ. ಮೇಲೆ ಹತ್ತುತ್ತಿದ್ದ ಗ್ಯಾಸಿನವನು ಸಿಲಿಂಡರ್ ಇಳಿಸಿ "ಏನು ತೋಟಗಾರರೇ, ಬಿತ್ತನೆ ಶುರುವಾಯ್ತಾ?" ಎಂದ. ಅಪ್ಪ ಬರಿಯ ಕೈ ಎತ್ತಿದ.

ಅವಳು ಮೆಟ್ಟಿಲಿಳಿದು ಹೋಗಿ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು ತಾನೂ ಆರಿಸತೊಡಗಿದಳು.

"ಬಾಬಾ."

"ಹ್ಞೂಂ."

"ಜಾಹಾದಲ್ಲಿ ನೀವೇ ಹೇಳಿ."

ಅವನು ಒಂದು ಕಾಯಿಯ ಮಣ್ಣು ಒರೆಸಿದ. "ಜೌದತ್ ಸೂಟು ಹೊಲಿಸಿದಾನೆ," ಎಂದು ಪಿಸುಗುಟ್ಟಿದ.

"ಹೊಲಿಸ್ಲಿ. ಹಾಕ್ಕೊಂಡು ಬರ್ಲಿ."

"ಹುಡುಗರು ನಗ್ತಾರೆ ರುಬಾ. ನೀನು ಹೇಳಿದ್ದು ಸರಿ ಇತ್ತು. ತಪ್ಪು ನಂದು. ಎಲ್ಲಿಂದ ತಂದು ಎಲ್ಲಿಗೆ ಹಾಕ್ದೆ ನೋಡು ಆ ಮಾತನ್ನ. ಈಗ ಅದು ನನ್ನ ಬಾಯಲ್ಲಿ ಬಂದ್ರೆ ಅವನದೇ ಆಗುತ್ತೆ."

"ಅವನದು ಹೇಗೆ ಆಗುತ್ತೆ? ಅವನಿಗೆ ಮಗಳಿದಾಳಾ?"

ಹಿಕ್ಮತ್ ಕಾಯಿಯನ್ನು ಬೋಗುಣಿಗೆ ಹಾಕಿದ. ಇನ್ನೊಂದನ್ನು ಎತ್ತಿಕೊಂಡು ಬೆರಳಲ್ಲಿ ತಿರುಗಿಸಿದ.

"ಯಾವ ದನೀಲಿ ಹೇಳ್ಲಿ?" ಎಂದು ಕೊನೆಗೆ ಕೇಳಿದ. ನಟನೊಬ್ಬ ನಿರ್ದೇಶಕನನ್ನು ಕೇಳಿದ ಹಾಗೆ ಕೇಳಿದ, ನಿಜವಾಗಿಯೂ ಗೊತ್ತಿಲ್ಲದವನ ಹಾಗೆ.

"ಅಜ್ಜಿಗೆ 'ನಾನು ಬಂದೆ' ಅಂತೀರಲ್ಲ, ಅದರಲ್ಲಿ."

ಜೌದತನಿಗೆ ಫೋನು ಮಾಡಿದ್ದು ರುಬಾ.

"ನೋಡಮ್ಮ," ಎಂದ ಜೌದತ್, ತರಗತಿಯ ದನಿಯಲ್ಲಿ. "ಪೀಠಿಕೆ ಬರೆದು ಬಾಯಿಪಾಠ ಮಾಡಿದ್ದೀನಿ. ಮೂರು ಪದ್ಯ ಇದೆ. ಪೀಠಿಕೆ ನಾನು ಬಿಡಲ್ಲ. ಕೊನೇ ಮಾತು ಬೇಕಾದ್ರೆ ಅವನು ತಗೊಳ್ಳಲಿ."

"ಪದ್ಯ ಎರಡು ಸಾಕಾಗಲ್ವಾ ಮಾವ?"

"ಮೂರು," ಎಂದು ಜೌದತ್ ಫೋನಿಟ್ಟ.

ಜಾಹಾದ ದಿನ ಕುಟುಂಬದ ದಿವಾನಖಾನೆಯ ಕೆಳಗಿನ ಅಂಗಳದಲ್ಲಿ ಗಂಡಸರು, ಮೇಲಿನ ಕೋಣೆಯಲ್ಲಿ ಹೆಂಗಸರು. ಕೆಳಗಿನ ಮೈಕಿಗೆ ಮೇಲೆ ಒಂದು ಸ್ಪೀಕರು. ಸಲ್ತ್‌ನವರ ಕಾರುಗಳು ಬೀದಿಯ ತಿರುವಿನವರೆಗೂ ನಿಂತವು. ಔನನ ಕುಲದ ಹಿರಿಯ ಹಾಜ್ ಫಲಾಹ್ ಮುಂದಿನ ಸಾಲಿನ ನಡುವೆ ಕೂತ. ಏಲಕ್ಕಿಯ ಕಹಿ ಕಾಫಿ ಸುರಿದರು. ಅವನು ಬಟ್ಟಲನ್ನು ನೆಲಕ್ಕಿಟ್ಟ. ಇಡೀ ಅಂಗಳ ಬಟ್ಟಲುಗಳನ್ನು ಕೆಳಗಿಟ್ಟಿತು.

ಮೇಲೆ ಇಂತಿಸಾರ್ ಕಿಟಕಿಯ ಪರದೆಯ ಸಂದಿನಲ್ಲಿ ಕಣ್ಣಿಟ್ಟಿದ್ದಳು. ಅಜ್ಜಿಯ ಎಡಪಕ್ಕ ರುಬಾ, ಬಲಪಕ್ಕ ಉಮ್ ಔನ್. ಉಮ್ ಔನ್ ರುಬಾಳ ಕಡೆ ಬಾಗಿ ಕೇಳಿದಳು: "ಮಾತಾಡೋದು ನಿಮ್ಮ ಮಾವ ತಾನೆ?"

"ಮೊದಲು ಮಾವ. ಆಮೇಲೆ ಬಾಬಾ."

"ಅಯ್ಯೋ." ಆಕೆ ಎದೆ ಹಿಡಿದುಕೊಂಡಳು. "ಬೇಜಾರು ಮಾಡ್ಕೋಬೇಡ ಮಗಳೇ. ಒಂದು ವಾರಾನೂ ತಪ್ಪಿಸದೆ ನೋಡ್ತೀನಿ, ಅದೇ ನನ್ನ ಕರ್ಮ. ಆ ಮಾತು ಬಂದಾಗ ಕಿವಿ ಮುಚ್ಕೊಂಡುಬಿಡ್ತೀನಿ. ಇವತ್ತೂ ಮುಚ್ಕೋತೀನಿ. ಮುಗಿದ ಮೇಲೆ ಹೇಳು."

ಹಾಜ್ ಫಲಾಹ್ ಕೋರಿಕೆ ಹೇಳಿ ಕೂತ. ಜೌದತ್ ಎದ್ದ. ಮೊದಲ ಪದ್ಯಕ್ಕೆ ಅಂಗಳ ತಲೆದೂಗಿತು. ಎರಡನೆಯದಕ್ಕೆ ಕೆಮ್ಮು ಕೇಳಿಸಿತು. ಮೂರನೆಯದರ ನಡುವೆ ಯಾರೋ ಕಾಫಿ ಆರುತ್ತಿದೆ ಮೇಷ್ಟ್ರೇ ಎಂದರು. "ಆರಲಿ," ಎಂದ ಜೌದತ್, ಪದ್ಯ ಮುಗಿಸಿದ. "ಇನ್ನು, ಉತ್ತರ ಹೇಳಬೇಕಾದವನು ನಾನಲ್ಲ. ಹುಡುಗಿಯ ತಂದೆ ಹೇಳುತ್ತಾನೆ."

ಹಿಕ್ಮತ್ ಎದ್ದು ನಿಂತ. ಹಿಂದಿನ ಸಾಲಿನಲ್ಲಿ ಫೋನುಗಳು ಒಂದೇ ಸಲ ಮೇಲಕ್ಕೆದ್ದವು. ಯಾರೋ ಹುಡುಗ ಆಗಲೇ ಕಿಸಕ್ಕೆಂದ. ಮೇಲೆ ಉಮ್ ಔನ್ ಎರಡೂ ಕಿವಿಗೆ ಬೆರಳಿಟ್ಟುಕೊಂಡಳು.

ಮೈಕು ಹಿಡಿಯುವುದು ಹಿಕ್ಮತನಿಗೆ ಹೊಸದಲ್ಲ. ಆದರೂ ಅದನ್ನು ತೀರ ಹತ್ತಿರ ಹಿಡಿದ. ಸ್ಪೀಕರಿನಲ್ಲಿ ಅವನ ಉಸಿರು ಕೇಳಿಸಿತು.

"ಹಾಜ್," ಎಂದ. "ನಮಗೆ ಒಬ್ಬಳೇ."

ಅಷ್ಟಕ್ಕೇ ನಿಂತಿತು. ಕಾಯುತ್ತಿದ್ದವರು ಕಾದರು. ಇಂತಿಸಾರ್ ಪರದೆಯನ್ನು ಮುಷ್ಟಿಯಲ್ಲಿ ಹಿಡಿದಳು. ಎಷ್ಟೋ ಪ್ರಾಣಿಗಳಿಗೆ, ಎಷ್ಟೋ ಮನುಷ್ಯರಿಗೆ ತಡವರಿಸದೆ ಬಾಯಿ ಕೊಟ್ಟವನ ಬಾಯಿ ಮಗಳ ಹೆಸರಿನ ಹತ್ತಿರ ಬಂದು ಹಿಡಿದುಕೊಂಡಿತ್ತು. ಅವನು ಕನ್ನಡಕ ತೆಗೆದ. ಮತ್ತೆ ಹಾಕಿಕೊಂಡ.

"ರುಬಾ ಚಿಕ್ಕೋಳಿದ್ದಾಗ ನಾನು ಕತ್ತೆ ಥರ ಕೂಗದೆ ಇದ್ರೆ ಊಟ ಮಾಡ್ತಿರಲಿಲ್ಲ. ಇನ್ನು ಮುಂದೆ... ನಿಮ್ಮನೇಲಿ ಊಟ ಮಾಡ್ತಾಳೆ. ಚೆನ್ನಾಗಿ ನೋಡ್ಕೊಳ್ಳಿ." ಒಡೆದ ದನಿಯಲ್ಲೇ ಹೇಳಿದ: "ನಿಮ್ಮ ಕಾಫಿ ಕುಡೀರಿ."

ನಗು ಬರಲಿಲ್ಲ. ಹಿಂದಿನ ಸಾಲಿನಲ್ಲಿ ಫೋನು ಹಿಡಿದ ಕೈಗಳು ಒಂದೊಂದಾಗಿ ಇಳಿದವು. ಆ ಹುಡುಗರೆಲ್ಲ ಅದೇ ಕತ್ತೆಯನ್ನು ಕೇಳಿ ಬೆಳೆದವರು; ಒಬ್ಬ ಇನ್ನೊಬ್ಬನ ಮುಖ ನೋಡಿದ. ಹಾಜ್ ಫಲಾಹ್ ಬಟ್ಟಲೆತ್ತಿ, ಪೂರ್ತಿ ಆರಿಹೋಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಖಾಲಿ ಬಟ್ಟಲನ್ನು ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿದ. ಹೆಂಗಸರ ಕೋಣೆಯಲ್ಲಿ ಹರ್ಷದ ಕೇಕೆ ಎದ್ದಿತು.

ಆ ಕೇಕೆಯ ಸದ್ದು ಬೆರಳು ದಾಟಿ ಒಳಹೊಕ್ಕ ಮೇಲೆ ಉಮ್ ಔನ್ ಕಿವಿ ಬಿಟ್ಟಳು. ಪಕ್ಕಕ್ಕೆ ತಿರುಗಿದರೆ ರುಬಾ ಅಳುತ್ತಿದ್ದಳು.

"ಏನಾಯ್ತು? ಹೇಳಿಬಿಟ್ರಾ?"

"ಹೇಳಿದ್ರು."

"ಛೆ, ನಂಗೆ ಕೇಳಿಸ್ಲೇ ಇಲ್ಲ. ಹೇಗೆ ಹೇಳಿದ್ರು? ಆ ತೋಟಗಾರನ ಥರಾನೇ?"

ರುಬಾ ಉತ್ತರ ಕೊಡುವ ಮೊದಲೇ ಅಜ್ಜಿ ಅವಳ ಕೈ ತಡಕಿ ಹಿಡಿದುಕೊಂಡಳು. ಸ್ಪೀಕರಿನ ಕಡೆ ತಿರುಗಿದ್ದ ಅವಳ ಮುಖ ತುಂಬ ನಗು.

"ನಂಗೆ ಕಾಣಿಸಿದ," ಎಂದಳು.